ನಡಗ್ವಾಡಿಗೊಂದು ಪಾಯಿಂಟು

ನಮ್ಮ ಮನ್ಯಾಗ ಗ್ವಾಡಿಗೆ ಹಚ್ಚಿದ ದೊಡ್ಡ ಟೀವಿ ಐತಿ. ಒಂದ್ ವಾಯರ್ ಸೈತ ಕಾಣೂದಿಲ್ಲ. ಬಂದವರೆಲ್ಲ "ಭಾರಿ ಕುಂದರಿಸೀರಿ ಬಿಡ್ರಿ ಸಾವ್ಕಾರ್ರ" ಅಂತಾರ. ನಾ ಹೂಂ ಅಂದು ಮಾರಿ ಆ ಕಡೆ ತಿರುವತೇನಿ. ಆ ಟೀವಿ ಹಿಂದ ಏನೈತಿ ಅನ್ನೂದು ನನಗೊಬ್ಬಗ ಗೊತ್ತು. (ನನ್ನ ಹೆಂಡ್ತಿ ಮಧುಮತಿಗೂ ಗೊತ್ತು. ಆಕಿಗೆ ಗೊತ್ತಿದ್ದದ್ದು ಓಣಿಗೆಲ್ಲ ಗೊತ್ತು. ಅದಕ್ಕ ನಿಮಗೂ ಹೇಳಿಬಿಡತೇನಿ, ನೀವೊಬ್ಬರ ಯಾಕ ಉಳೀಬೇಕು.)

ಬೀಳಗ್ಯಾಗ ನಂದೊಂದು ಬೀಜ-ಗೊಬ್ಬರದ ಅಂಗಡಿ. ಮನಿ ನಮ್ಮಪ್ಪ ಕಟ್ಟಿಸಿದ್ದು. ಮೂರು ಕಡೆ ಕಲ್ಲು-ಮಣ್ಣಿನ ಗ್ವಾಡಿ, ಮ್ಯಾಲ ಒಬ್ಬ ಮನಷ್ಯಾ ಆರಾಮ ಮಲಗಬೇಕು ಅಷ್ಟು ದಪ್ಪ. ನಾಕನೇದು ಮಾತ್ರ ಇಟ್ಟಂಗೀದು. ಅದನ್ನ ಅಪ್ಪ ಕಟ್ಟಿಸಿಲ್ಲ, ನಾನೂ ನಮ್ಮಣ್ಣ ಸೋಮಲಿಂಗನೂ ಕೂಡಿ ಕಟ್ಟಿಸಿದ್ದು. ನಾವಿಬ್ರೂ ಕೂಡಿ ಮಾಡಿದ ಕಡೀ ಕೆಲಸ ಅದು. ಅಪ್ಪ ತೀರಿಕೊಂಡ ಮ್ಯಾಲ ಹಿಸ್ಸೆ ಆತು. ಹೊಲ ಹಂಚಕೊಂಡ್ವಿ, ಭಾಂಡೆ ಹಂಚಕೊಂಡ್ವಿ, ಎಲ್ಲೂ ಒಂದ್ ಮಾತು ಮ್ಯಾಲ ಹೋಗಲಿಲ್ಲ. ಅಪ್ಪ ಮಲಗತಿದ್ದ ಹೊರಸು ಯಾರಿಗೆ ಅನ್ನೂದಕ್ಕ ಬಂದು ಘನಘೋರ ಸಂಗ್ರಾಮ ಶುರು ಆತು ನೋಡ್ರಿ. ಹೊರಸು ಅವನ ಪಾಲಿಗೆ ಹೋತು, ಮಾತು ಇಬ್ಬರದೂ ಬಂದ್ ಆತು. ಈಗ ಅದರ ನುಲಿ ಹರದು ಅಟ್ಟದ ಮ್ಯಾಲ ಬಿದ್ದೈತಂತ.

ಮನಿ ನಡುವ ಆ ಇಟ್ಟಂಗಿ ಗ್ವಾಡಿ ಏಳಿಸೂ ಮುಂದ ಮತ್ತೊಂದು ಪಂಚಾಯ್ತಿ. ಗ್ವಾಡಿಗೆ ಜಾಗಾ ಯಾರ ಹಿಸ್ಸೆದಾಗಿಂದು? ಗೌಂಡಿ ಮುಂದ ಅವ ಒಂದ್ ಬಟ್ಟು ಕೊಡಂಗಿಲ್ಲ ಅಂದ, ನಾ ಅರ್ಧ ಬಟ್ಟೂ ಇಲ್ಲ ಅಂದ್ನಿ. ನಮ್ಮ ಕಾಟಕ್ಕ ಬ್ಯಾಸತ್ತ ಗೌಂಡಿ ಇಟ್ಟಂಗಿ ಮಲಗಿಸೂದು ಬಿಟ್ಟು ನಿಂದರಿಸಿ ತೆಳ್ಳಗ ಕಟ್ಟಿ ಹ್ವಾದ. ಆ ಕಡೆ ಒಗ್ಗರಣಿ ಹಾಕಿದ್ರ ಈ ಕಡೆ ನಮಗ ಸೀನು ಬರತಿತ್ತು. ಅಂಥಾ ಗ್ವಾಡಿ.

ಮತ್ತ ಅವ್ವ? ಅವ್ವನ್ನ ಯಾರೂ ಹಂಚಲಿಲ್ಲ. ಗ್ವಾಡಿ ಏಳೂ ಮುಂದ ನಮ್ಮವ್ವ ಇಂದ್ರವ್ವ ಆ ಕಡೆ ಕುಂತು ಜ್ವಾಳ ಹಸನ ಮಾಡಾಕತ್ತಿದ್ಲು. ಏಳು ಅಂತ ಯಾರೂ ಅನ್ನಲಿಲ್ಲ. ಗ್ವಾಡಿ ಎದ್ದ ಮ್ಯಾಲೂ ಅಲ್ಲೇ ಉಳದ್ಲು. ಬೇಕಾದ್ರ ತಾನಾಗಿ ಬರತಾಳ, ನಾ ಯಾಕ ಕರೀಬೇಕು ಅಂತ ನಾ ಈ ಕಡೆ ಕುಂತ್ನಿ. ಕರದು ಆಕಿ ಒಲ್ಲೆ ಅಂದ್ರ ಅಣ್ಣ ನಗೂದಿಲ್ಲೇನು? ಅವನ ಬಾಗಲಾ ಹಿಂದಿನ ಓಣಿಗೆ, ನಮ್ದು ಮುಂದಿನ ಓಣಿಗೆ. ಯಾರದರ ಲಗ್ನದಾಗ ಅವ್ವನ ಮಾರಿ ಕಂಡ್ರ ಕಂಡಂಗ. ಆಕಿ ಕೆಮ್ಮು ಮಾತ್ರ ದಿನಾ ಕೇಳತಿತ್ತು. ಹಿಂಗ ಕೇಳಿಕೋತನ ವರ್ಷಗಟ್ಟಲೆ ಹೋತು. ಖರೇ ಹೇಳತೇನಿ, ಆಕಿ ಕೆಮ್ಮು ನಿಂತ ದಿನಾ ನನಗ ಊಟ ಹೋಗತಿದ್ದಿಲ್ಲ.

ಒಂದಿನ ಮಧುಮತಿ ನಳದ ಕಡಿಂದ ಸುದ್ದಿ ತಂದ್ಲು.

"ಅತ್ತಿಯವರಿಗೆ ಧಾರಾವಾಹಿ ನೋಡಾಕ ಸಿಗವಲ್ದಂತರಿ. ಇಡೀ ದಿನಾ ಹುಡುಗ್ರು ಕ್ರಿಕೆಟ್ ಹಾಕತಾವಂತ."

ನನ್ನ ತಲ್ಯಾಗ ಜ್ಞಾನೋದಯ ಆತು. ದೊಡ್ಡದೊಂದು ಟೀವಿ ತಂದು ಗ್ವಾಡಿಗೆ ಹಚ್ಚಿ, ಧಾರಾವಾಹಿ ಟೈಮಿಗೆ ಸರಿಯಾಗಿ ದನಿ ಜೋರ್ ಮಾಡಿದ್ರ ಅವ್ವ ತಾನಾಗಿ ಎದ್ದು ಬರತಾಳ. ನಾ ಕರದಂಗೂ ಆಗೂದಿಲ್ಲ, ಅಣ್ಣಗ ಸೋತಂಗೂ ಆಗೂದಿಲ್ಲ. ಇಂಥಾ ಬುದ್ಧಿ ನನ್ನ ಅಂಗಡಿಗೆ ಹಚ್ಚಿದ್ರ ಇಷ್ಟೊತ್ತಿಗೆ ಬಾಗಲಕೋಟ್ಯಾಗ ಒಂದ್ ಶಾಖೆ ತಗೀತಿದ್ನಿ.

ಟೀವಿ ಬಂತು. ಹಚ್ಚಾಕ ಬಂದಂವ ಕಲ್ಲಿನ ಗ್ವಾಡಿಗೆ ಡ್ರಿಲ್ ಹಿಡದ, ಬುಟ್ಟಿಗಟ್ಟಲೆ ಮಣ್ಣು ಸುರೀತು. ಇಟ್ಟಂಗಿ ಗ್ವಾಡಿ ತೋರಿಸಿದ್ರ, "ಅಲ್ಲಿ ಕರೆಂಟ್ ಪಾಯಿಂಟ್ ಎಲ್ಲೈತ್ರಿ? ಮೊದ್ಲ ಪಾಯಿಂಟ್ ಹಾಕಿಸ್ರಿ, ಆಮ್ಯಾಲ ಫೋನ್ ಹಚ್ರಿ" ಅಂದು ಹ್ವಾದ.

"ಬಾಗಲದ ಹತ್ರ ಬೋರ್ಡ್ ಐತೆಲ್ಲರಿ, ಅಲ್ಲಿಂದ ವಾಯರ್ ಎಳೀರಿ" ಅಂದ್ಲು ಮಧುಮತಿ. "ನನ್ನ ಮಿಕ್ಸರ್‌ಗೂ ಹಂಗ ಎಳದೀರಿ."

"ಮಿಕ್ಸರ್ ಬ್ಯಾರೆ, ಟೀವಿ ಬ್ಯಾರೆ. ವಾಯರ್ ಜೋತುಬಿದ್ರ ಮಂದಿ ಏನಂದಾರು?"

"ಮಂದಿ ಟೀವಿ ನೋಡತಾರೋ ವಾಯರ್ ನೋಡತಾರೋ? ಈ ಗ್ವಾಡಿಗೆ ಮೊಳಿ ಹೊಡದ್ರ ಆ ಕಡೆ ಮೂಡತೈತಿ. ಕ್ಯಾಲೆಂಡರ್ ಹಾಕಾಕ ಸೈತ ಅಂಜತೇನಿ ನಾ."

"ನಿನಗ ಇದೆಲ್ಲಾ ತಿಳಿಯೂದಿಲ್ಲ."

"ತಿಳಿಯೂದಿಲ್ಲಂತ ಅಲ್ಲೇನ್ರಿ ಈ ಮನಿಗೆ ಬಂದದ್ದು."

ನಾ ಬಾಳೇಶನ್ನ ಕರಿಸಿದ್ನಿ. ಬಾಳೇಶ ಅಂದ್ರ ನಮ್ಮ ಓಣಿಯ ವಿದ್ಯುತ್ ಮಂತ್ರಿ. ಅವ ಕೈ ಹಚ್ಚಿದ ಮನ್ಯಾಗ ಫ್ಯಾನಿನ ಬಟನ್ ಒತ್ತಿದ್ರ ಜಳಕದ ಕೋಣ್ಯಾಗ ಲೈಟ್ ಹತ್ತತೈತಿ. ಆದ್ರ ಕರದ ಕೂಡ್ಲೆ ಬರತಾನ, ಅದೊಂದು ದೊಡ್ಡ ಗುಣ.

"ಬಾಕ್ಸ್ ಗ್ವಾಡಿ ಒಳಗ ಹುಗದು ಬಿಡೂಣ್ರಿ ಸಾವ್ಕಾರ್ರ. ದಿಮಾಕ್ ಬರತೈತಿ."

"ಗ್ವಾಡಿ ಭಾಳ ತೆಳ್ಳಗೈತಿ ನೋಡಪಾ."

"ಇಂಥಾವು ಎಷ್ಟ್ ಹುಗದೇನಿ. ನನ್ನ ಕೈ ಮ್ಯಾಲ ನಂಬಿಗಿ ಇಡ್ರಿ."

ಇಟ್ನಿ. ಅವ ಪೆನ್ಸಿಲ್ಲಿಂದ ಗೆರಿ ಹೊಡದ, ಉಳಿ ಇಟ್ಟ, ಸುತ್ತಿಗಿ ಎತ್ತಿದ. ಎರಡ್ ಏಟಿಗೆ ಇಟ್ಟಂಗಿ ಅಲುಗಾಡ್ತು, ಮತ್ತೊಂದಕ್ಕ ಅದೂ ಅದರ ಮಗ್ಗಲದ್ದೂ ಕೂಡೇ ದಡಲ್ ಅಂತ ಆ ಕಡೆ ಬಿದ್ವು. ಧೂಳಂದ್ರ ಧೂಳು. ಬಾಳೇಶ ಉಳಿ ಹಿಡಕೊಂಡ ನಿಂತು, "ಸಿಮೆಂಟ್ ಕಡಿಮಿ ಹಾಕ್ಯಾರ್ರಿ" ಅಂದ.

ಧೂಳು ಇಳೀತು. ಊಟದ ತಾಟಿನಷ್ಟು ತೂತು. ಅದರಾಗ ಅವ್ವನ ಮಾರಿ.

"ಯಾರು, ಹೊಳಬಸುನೇನೋ?"

"ಹೂಂಬೇ."

"ಎಷ್ಟ ಸೊರಗಿಯೋ ಯಪ್ಪಾ."

(ಮೊನ್ನೆ ಮೊನ್ನೆ ಅಂಗಡಿ ಕುರ್ಚಿ ಮುರದ ದೇಹ ನಂದು. ಆದ್ರೂ ಅವ್ವ ಅಂದ್ಲಂದ್ರ ಸೊರಗಿರಬೇಕು ಅನಿಸ್ತು.)

ಆಕಿ ತೂತದಾಗ ಕೈ ಹಾಕಿ ನನ್ನ ತಲಿಮ್ಯಾಗಿನ ಧೂಳು ಝಾಡಿಸಿದ್ಲು. ಗದ್ದ ಹಿಡದು ನೋಡಿದ್ಲು. ಕಣ್ಣಾಗ ನೀರು ಬಂತು. ಧೂಳು ಬಿತ್ತು ಅಂತ ಬಾಳೇಶಗ ಹೇಳಿದ್ನಿ. ಅವ, "ನನಗೂ ಬಿದ್ದೈತ್ರಿ" ಅಂದ.

"ನಿಂದರು, ಬಂದ್ನಿ" ಅಂತ ಅವ್ವ ಒಳಗ ಹೋದ್ಲು. ತಿರುಗಿ ಬರಬೇಕಾದ್ರ ಬಗಲಾಗ ಒಂದ್ ಗಂಟು. ಹಳೀ ಸೀರ್ಯಾಗ ಉಡೂ ನಾಕು ಅರಬಿ, ಗುಳಿಗಿ ಚೀಲ, ಹಣಿಗೆ ಹಚ್ಚೂ ಇಬತ್ತಿ ಗಟ್ಟಿ ಕಟ್ಟಿಕೊಂಡಿದ್ಲು. ಅದನ್ನ ತೂತದಾಗಿಂದ ನನ್ನ ಕಡೆ ದಬ್ಬಿ ಅಂದ್ಲು:

"ಇದನ್ನ ಹಿಡಿ. ಕಡೀಕೂ ನನ್ನ ಕರಕೊಂಡ್ ಹೋಗಾಕ ಗ್ವಾಡಿ ಒಡದೆಲ್ಲ, ಸಾಕು. ಇನ್ನೊಂದ್ ನಾಕು ಇಟ್ಟಂಗಿ ತಗಿ, ಹಿಂಗ ದಾಟಿಬಿಡತೇನಿ. ಆ ಓಣಿ ಸುತ್ತಿ ಬರೂದು ನನ್ನ ಮೊಣಕಾಲಿಗೆ ಆಗೂದಿಲ್ಲ."

ನಾ ಕೈ ಚಾಚೂದಕ್ಕೂ ಹಿಂದಿನ ಓಣ್ಯಾಗ ಅಣ್ಣನ ಗಾಡಿ ಸಪ್ಪಳ ಕೇಳೂದಕ್ಕೂ ಸರಿ ಹೋತು. ನಡಗ್ವಾಡಿ ಇಬ್ಬರದು, ಬೇಕಂತ ಒಡದ ಅಂತ ನಾಳೆ ಅವ ನಾಕು ಮಂದೀನ ಪಂಚಾಯ್ತಿಗೆ ಕೂಡಿಸಿದ್ರ? ಬಾಯಿ ತಾನ ತಗೀತು.

"ಇಲ್ಲಬೇ, ಬೇಕಂತ ಒಡದಿಲ್ಲ. ಟೀವಿಗೆ ಪಾಯಿಂಟ್ ಹಾಕಾಕತ್ತಿದ್ವಿ."

ಗಂಟು ತೂತದ ನಡುವ ನಿಂತಿತು. ನನ್ನ ಹಿಂದ ಮಧುಮತಿ ಹಣಿ ಬಡಕೊಂಡಿದ್ದು ಸ್ಪಷ್ಟ ಕೇಳ್ತು. ನಾ ಗಡಬಡಿಸಿ, "ಟೀವಿ ತಂದದ್ದು ನಿನ್ನ ಸಲುವಾಗೇನಬೇ. ಧಾರಾವಾಹಿ ನೋಡಾಕರ ನೀ ಈ ಕಡೆ ಬರತಿ ಅಂತ" ಅಂದ್ನಿ.

ಅವ್ವ ಗಂಟಿನ ಮ್ಯಾಲ ಕೈ ಇಟ್ಟು ಅಂದ್ಲು:

"ಬಾ ಅಂದಿದ್ರ ಟೀವಿ ಇಲ್ಲದಿದ್ರೂ ಬರತಿದ್ನೆಲ್ಲೋ."

ಗಂಟನ್ನ ಸಾವಕಾಶ ಆ ಕಡೆ ಎಳಕೊಂಡ್ಲು. ಆಗರ ಅನ್ನಬೇಕಿತ್ತು. ಬಾರಬೇ ಅನ್ನಾಕ ಎಷ್ಟೊತ್ತು ಬೇಕು? ನಾಲಿಗಿ ತುದಿಗೆ ಬಂದಿತ್ತು, ಆಣಿ ಮಾಡಿ ಹೇಳತೇನಿ. ಅಷ್ಟರಾಗ ತೂತದಾಗ ಅವ್ವನ ಮಾರಿ ಹೋಗಿ ಅಣ್ಣನ ಮಾರಿ ಬಂತು. ಇಷ್ಟು ವರ್ಷದ ಮ್ಯಾಲ ಅವ ನನ್ನ ಕೂಡ ಆಡಿದ ಮೊದಲನೇ ಮಾತು:

"ಏನಿದು?"

"ತೂತು" ಅಂದ್ನಿ.

"ಕಾಣತೈತಿ."

ಅವನ ಮೀಸಿ ಬೆಳ್ಳಗಾಗಿತ್ತು. ಅಪ್ಪನ್ನ ಕಂಡಂಗ ಆತು. ಏನರ ಛಲೋ ಮಾತು ಆಡಬೇಕು ಅನಿಸ್ತು, ಖರೇನ ಅನಿಸ್ತು. ಆಡಿದ್ನಿ.

"ಸಿಮೆಂಟ್ ನಂದು."

"ಉಸುಕು ನಮ್ಮ ಕಡೆ ಐತಿ" ಅಂದ ಅವ.

ಬಾಳೇಶ ನೀರು ತಂದ. ಅಣ್ಣ ಆ ಕಡಿಂದ, ನಾ ಈ ಕಡಿಂದ ಮುಚ್ಚಾಕ ನಿಂತ್ವಿ. "ಇಟ್ಟಂಗಿ ಮಲಗಿಸಿ ಇಡು, ಗಟ್ಟಿ ಆಗತೈತಿ" ಅಂದ ಅಣ್ಣ. "ನಿನ್ನ ಕಡೆ ಜಾಗಾ ಹೋದೀತು" ಅಂದ್ನಿ. "ಹೋಗ್ಲಿ ಬಿಡು" ಅಂದ. ನಾನೂ ನನ್ನ ಹಿಸ್ಸೆದಾಗಿಂದು ಒಂದೆರಡು ಬಟ್ಟು ಬಿಟ್ಟುಕೊಟ್ನಿ. ಅಷ್ಟು ಔದಾರ್ಯ ಇಬ್ಬರಿಗೂ ಎಲ್ಲಿಂದ ಬಂತೋ ಗೊತ್ತಿಲ್ಲ. ಕಡೀ ಇಟ್ಟಂಗಿ ಇಡೂತನಕ, ಅವ್ವ ತೊಡಿ ಮ್ಯಾಲ ಗಂಟು ಇಟ್ಟಕೊಂಡು ಕುಂತಿದ್ದು ಅಣ್ಣನ ಬಗಲಾಗಿಂದ ಕಾಣತಿತ್ತು.

ಬಾಳೇಶ ಅದರ ಮ್ಯಾಲ ಬಾಕ್ಸ್ ಕುಂದರಿಸಿದ. ಪಾಯಿಂಟ್ ಆತು, ಟೀವಿ ಹತ್ತಿತು. ಮಧುಮತಿ ನನ್ನ ಕೂಡ ಮಾತು ಬಿಟ್ಲು. (ಈ ಮನ್ಯಾಗ ಅದೂ ಒಂದು ರೋಗ.) ಧಾರಾವಾಹಿ ಹೊತ್ತಿಗೆ ನಾ ಒಬ್ಬನ ಕುಂತು ದನಿ ಜೋರ್ ಮಾಡತಿದ್ನಿ. ಅತ್ತಿ ಯಾರು, ಸೊಸಿ ಯಾರು, ಯಾರ ಯಾರಿಗೆ ವಿಷಾ ಹಾಕತಾರ, ಒಂದೂ ತಿಳೀತಿದ್ದಿಲ್ಲ. ನಡುವ ಜಾಹೀರಾತು ಬಂದ್ರ ದನಿ ಇಳಿಸಿ ಕಿವಿ ಕೊಡತಿದ್ನಿ. ಆ ಕಡಿಂದ ಏನೂ ಬರತಿದ್ದಿಲ್ಲ.

ನಿನ್ನೆ ಸಂಜೀಕ ಬಂತು.

"ಹೊಳಬಸು."

ನಾ ಎದ್ದು ನಿಂತ್ನಿ.

"ಅದರ ದನಿ ಸಣ್ಣ ಮಾಡೋ ಯಪ್ಪಾ. ತಲಿ ನೋಯತೈತಿ."

ನಾ ಟೀವಿನ ಬಂದ್ ಮಾಡಿಬಿಟ್ನಿ. ಅಡಗಿ ಮನಿಂದ ಮಧುಮತಿ ಹೊರಗ ಬಂದು, ಮಾತು ಬಿಟ್ಟಿದ್ದನ್ನೂ ಮರತು, "ಈಗರ ಅನ್ರಿ" ಅಂದ್ಲು. ನಾ ಗ್ವಾಡಿ ಹತ್ರ ಹೋದ್ನಿ. ಗಂಟಲಾ ಸರಿ ಮಾಡಕೊಂಡ್ನಿ.

"ಈಗ ಕಡಿಮಿ ಆತೇನಬೇ?" ಅಂದ್ನಿ.

"ಆತು" ಅಂದ್ಲು ಅವ್ವ.