ನಾದಿನಿ ಮನೆಯ ಬೋರ್ಡೂ ನಮ್ಮನೆ ಲೇಸರ್ರೂ

ನಮ್ಮನೆಗೆ ಯಾವ ಮೆಷಿನ್ನು ಬಂದರೂ, ಅದು ಕೆಲಸ ಶುರು ಮಾಡುವ ಮೊದಲು ನಮ್ಮನ್ನೇ ಒಂದು ಸುತ್ತು ಆಡಿಸುತ್ತದೆ. ಈ ಸಲ ಬಂದದ್ದು ಲೇಸರ್ರು. ನಮ್ಮ ಯಜಮಾನರು ಚಿಂತಾಮಣಿಯ ಕಾಲೇಜೊಂದರಲ್ಲಿ ಫಿಸಿಕ್ಸ್ ಲೆಕ್ಚರರ್. ಕಂಪ್ಯೂಟರ್ ಹೇಳಿದ ಹಾಗೆ ಮರ ಕೊರೆಯೋ ಪುಟ್ಟ ಸಿಎನ್‌ಸಿ ಮೆಷಿನ್ನು ಅವರ ಹವ್ಯಾಸ. ಅದಕ್ಕೆ ಸಿಕ್ಕಿಸಿ ಮರದ ಮೇಲೆ ಅಕ್ಷರ ಸುಡೋದಕ್ಕೆ ಈ ಲೇಸರ್ರು. ಶುಕ್ರವಾರ ಮಂಚೇನಹಳ್ಳಿಯಲ್ಲಿ ನನ್ನ ನಾದಿನಿಯ ಗೃಹಪ್ರವೇಶ ಅಂತ ಗೊತ್ತಾದದ್ದೇ ತಡ, "ಮನೆ ಹೆಸರಿನ ಬೋರ್ಡು ಯಾರೂ ಮಾಡಿಸಬೇಡಿ, ನಾನೇ ಲೇಸರಲ್ಲಿ ಸುಟ್ಟು ತರ್ತೀನಿ" ಅಂತ ಇಡೀ ಬಳಗಕ್ಕೆ ಹೇಳಿಬಿಟ್ಟರು. ಆಗ ಲೇಸರ್ರು ಇನ್ನೂ ಕೊರಿಯರ್‌ನವರ ಹತ್ತಿರವೇ ಇತ್ತು.

ಪೂಜೆ

ಡಬ್ಬ ಬಿಚ್ಚುವಷ್ಟರಲ್ಲಿ ನಮ್ಮತ್ತೆ ತಟ್ಟೆ ಹಿಡಿದು ಬಂದರು.

"ಮೊದಲು ಮೆಷಿನ್‌ಗೆ ಫಿಟ್ ಮಾಡ್ತೀನಮ್ಮ," ಅಂದರು ಇವರು.

"ಪೂಜೆ ಆಗ್ದೆ ಸ್ಕ್ರೂ ಮುಟ್ಟಬೇಡ ಕಣೋ."

ಮುಷ್ಟಿಯಷ್ಟಿದ್ದ ಲೇಸರಿಗೆ ಅರಿಶಿನ, ಕುಂಕುಮ, ಒಂದು ಮೊಳ ಹೂವು. ಗಾಲಿ ಇಲ್ಲ ಅನ್ನೋ ಕಾರಣಕ್ಕೆ ನಿಂಬೆಹಣ್ಣೊಂದು ಉಳಿಯಿತು.

ಕನ್ನಡಕ

ಲೇಸರ್ ಉರಿಸುವಾಗ ಹಸಿರು ಕನ್ನಡಕ ಹಾಕಲೇಬೇಕು. ಇವರು ಅದನ್ನು ಹಾಕಿಕೊಂಡೇ ಹಾಲು ತಗೊಳ್ಳಲು ಬಾಗಿಲಿಗೆ ಹೋದರು. ಸಂಜೆ ಎದುರುಮನೆ ಆಕೆ ಬ್ರೆಡ್ಡು, ಮೋಸಂಬಿ ಸಮೇತ ಹಾಜರು.

"ಕಣ್ಣಿನ ಆಪರೇಷನ್ ಅಂತ ಒಂದು ಮಾತು ಹೇಳ್ಬಾರ್ದಾ ಸರ್?"

"ನಂಗೇನೂ ಆಗಿಲ್ಲಮ್ಮ."

"ಎಲ್ಲಾರೂ ಹಂಗೇ ಅಂತಾರೆ. ತಲೆಗೆ ನೀರು ಹಾಕ್ಕೋಬೇಡಿ."

ಏನೂ ಆಗಿಲ್ಲ ಅಂತ ವಾದಿಸಿದರು, ನಿಜ. ಮೋಸಂಬಿ ಮಾತ್ರ ವಾಪಸ್ ಕೊಡಲಿಲ್ಲ.

ಚಪಾತಿ ಮಣೆ

ಬುಧವಾರ ಫೋಕಸ್ ಮಾಡುವ ಕೆಲಸ. "ಹಲಗೆಯ ಒಂದು ತುದಿ ಎತ್ತಿಟ್ಟು ಉದ್ದಕ್ಕೂ ಗೆರೆ ಸುಡಬೇಕು. ಗೆರೆ ಎಲ್ಲಿ ತೀರಾ ಸಣ್ಣಗಿರುತ್ತೋ ಅದೇ ಸರಿಯಾದ ಎತ್ತರ," ಅಂತ ನನಗೆ ಪಾಠವೂ ಆಯಿತು. ಮನೆಯಲ್ಲಿದ್ದ ಹಲಗೆಗಳೆಲ್ಲ ಮುಗಿದು ಸರದಿ ಅತ್ತೆಯ ಚಪಾತಿ ಮಣೆಗೆ ಬಂತು. ಗೆರೆ ಎಲ್ಲೂ ಸಣ್ಣಗಾಗಲಿಲ್ಲ. ಉದ್ದಕ್ಕೂ ಕಾಡಿಗೆ ಒರೆಸಿದ ಹಾಗೆ ಮಸುಕು.

ಅತ್ತೆ ಮಣೆ ನೋಡಿ, "ಇದಕ್ಕೆ ಯಾರ ದೃಷ್ಟಿ ತಾಕ್ತು ಅಂತ ಬೊಟ್ಟಿಟ್ಟೆಯಪ್ಪಾ?" ಅಂದರು.

ಬೋರ್ಡು

ಗುರುವಾರ ಇವರು ಗುಟ್ಟಾಗಿ ಬೋರ್ಡು ಬರೆಯುವವರ ನಂಬರ್ ಹುಡುಕುತ್ತಿದ್ದರು. ನಾನು ಪ್ಲಗ್ ಕಿತ್ತು, ಲೇಸರ್ ಬಿಚ್ಚಿ, ತಿರುಗಿಸಿ ನೋಡಿದೆ. ಬೆಳಕು ಹೊರಡುವ ಗಾಜಿನ ನಟ್ಟನಡುವೆ ಕುಂಕುಮ.

"ಅತ್ತೆ, ಇಲ್ಲಿಗ್ಯಾಕೆ ಇಟ್ರಿ?"

"ಮತ್ತೆಲ್ಲಿಗೆ ಇಡ್ಲಮ್ಮ? ಅದಕ್ಕೆ ಮುಖ ಅಂತ ಇರೋದು ಅದೊಂದೇ."

ಒರೆಸಿದ ಮೇಲೆ ಗೆರೆ ಕೂದಲೆಳೆಯಷ್ಟು ಸಣ್ಣಗೆ ಬಂತು, ಬೋರ್ಡೂ ಆಯಿತು. ಮಾರನೆಯ ದಿನ ಮಂಚೇನಹಳ್ಳಿಯಲ್ಲಿ ಅದನ್ನು ಬಾಗಿಲ ಪಕ್ಕ ತೂಗುಹಾಕಿ, "ಅಕ್ಷರದ ಅಂಚು ನೋಡ್ಬೇಕು ನೀವು" ಅಂತ ನಾದಿನಿಯ ಗಂಡನನ್ನು ಕರೆತರಲು ಇವರು ಒಳಗೆ ಹೋದರು. ಬರುವಷ್ಟರಲ್ಲಿ ಅತ್ತೆ ಅದಕ್ಕೂ ಪೂಜೆ ಮುಗಿಸಿದ್ದರು. ಬೋರ್ಡಿನ ತುಂಬ ಅರಿಶಿನ, ಒಂದೊಂದು ಅಕ್ಷರದ ಮೇಲೂ ಒಂದೊಂದು ಕುಂಕುಮದ ಬೊಟ್ಟು.

ನಾದಿನಿಯ ಗಂಡ ಬಗ್ಗಿ, ಕಣ್ಣು ಕಿರಿದು ಮಾಡಿ, "ಏನಂತ ಬರ್ದಿದೆ ಭಾವ?" ಅಂದರು.

ಇವರು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು: "ಓದೋಕೇನಿದೆಯಪ್ಪಾ ಅದ್ರಲ್ಲಿ, ನಿಮ್ಮನೆ ಹೆಸರು ನಿಮಗೆ ಗೊತ್ತಿಲ್ವಾ?"