ಒಂದು ಸೈಜು ದೊಡ್ಡದು

ಬೆಳೆಯುವ ಮಕ್ಕಳಿಗೆ ಬಟ್ಟೆಯನ್ನು ಒಂದು ಸೈಜು ದೊಡ್ಡದಾಗಿಯೇ ಹೊಲಿಯಬೇಕು ಎನ್ನುವುದು ಟೈಲರನ ಬದುಕಿನ ಏಕೈಕ ಸಿದ್ಧಾಂತ. ಅಳತೆ ಟೇಪು ಏನೇ ತೋರಿಸಲಿ, ಅದಕ್ಕೆ ಅರ್ಧ ಇಂಚು ಸೇರಿಸಿದ ಮೇಲೇ ಅವನು ಕತ್ತರಿ ಹಾಕುತ್ತಿದ್ದ. ಬೀದಿಯವರು ಅವನಿಗೆ ‘ಅರ್ಧಿಂಚು’ ಎಂದು ಹೆಸರಿಟ್ಟಿದ್ದೂ ಅದಕ್ಕೇ. ಈ ಸಿದ್ಧಾಂತವನ್ನು ಬಟ್ಟೆಯ ಮಟ್ಟಿಗೆ ಇಟ್ಟುಕೊಂಡಿದ್ದರೆ ಯಾವ ತಾಪತ್ರಯವೂ ಇರಲಿಲ್ಲ. ಮಗಳಿಗೆಂದು ಗಿನಿಪಿಗ್ ತರಿಸುವಾಗಲೂ ಅವನು ಸಾಕುಪ್ರಾಣಿ ಅಂಗಡಿಯವನಿಗೆ ಫೋನಿನಲ್ಲಿ, “ಒಂದು ಸೈಜು ದೊಡ್ಡದೇ ಇರಲಿ ಬಿಡಿ” ಎಂದುಬಿಟ್ಟ.

ಮಗಳು ಗೆಳತಿಯ ಮನೆಯಲ್ಲಿ ಒಂದು ಗಿನಿಪಿಗ್ ನೋಡಿಕೊಂಡು ಬಂದಿದ್ದಳು. ಅದು ಅಂಗೈಯಲ್ಲಿ ಕೂರುತ್ತದೆ, ಸೌತೆಕಾಯಿ ತಿನ್ನುತ್ತದೆ, ಕುಂಯ್ ಎನ್ನುತ್ತದೆ ಎಂದು ಅಪ್ಪನ ತಲೆ ತಿಂದಿದ್ದಳು. ಟೈಲರನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಹಗಲೆಲ್ಲ ರೋಗಿಗಳ ಸೇವೆ ಮಾಡಿ ಬಂದವಳಿಗೆ ಮನೆಯಲ್ಲಿ ಇನ್ನೊಂದು ಜೀವದ ಚಾಕರಿ ಬೇಕಿರಲಿಲ್ಲ. ಕೊನೆಗೆ, ಅದರ ಪಂಜರ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಹಿಡಿಸಬೇಕು, ಒಂದಂಗುಲವೂ ಆಚೆ ಬರಬಾರದು ಎಂಬ ಷರತ್ತಿನ ಮೇಲೆ ಒಪ್ಪಿಕೊಂಡಳು. ಬಾಡಿಗೆ ಕರಾರಿನಲ್ಲಿ ಪ್ರಾಣಿ ಸಾಕಬಾರದೆಂದು ಮನೆ ಓನರ್ ಖಡಾಖಂಡಿತವಾಗಿ ಬರೆಸಿದ್ದರು ನಿಜ. ಆದರೆ ಅಂಗೈಯಲ್ಲಿ ಕೂರುವಂಥದ್ದನ್ನು ಪ್ರಾಣಿಗಳ ಲೆಕ್ಕಕ್ಕೆ ಯಾರು ಸೇರಿಸುತ್ತಾರೆ ಎಂದು ಗಂಡ ಹೆಂಡತಿ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಹೆಂಡತಿ ಡ್ಯೂಟಿಗೂ ಮಗಳು ಶಾಲೆಗೂ ಹೋದ ಮೇಲೆ, ಅಂಗಡಿಯ ಆಳು ಒಂದು ಮರದ ಪೆಟ್ಟಿಗೆಯನ್ನು ಎರಡನೇ ಮಹಡಿಗೆ ಹೊತ್ತು ತಂದು, ಟೈಲರನ ಮುಂದಿನ ಕೋಣೆಯಲ್ಲಿ ಧೊಪ್ಪನೆ ಇಳಿಸಿದ. ಮೈಯೆಲ್ಲ ಬೆವೆತಿದ್ದ ಅವನು ಒಂದು ಲೋಟ ನೀರು ಕೇಳಿ ಕುಡಿದು, ಟೈಲರನ ಕಡೆ ಮರುಕದ ನೋಟ ಬೀರಿ ಹೊರಟುಹೋದ. ಪಂಜರ, ಹುಲ್ಲು, ಬಟ್ಟಲು ಎಲ್ಲವನ್ನೂ ಒಟ್ಟಿಗೆ ಕಳಿಸಿರಬೇಕು, ಗಿನಿಪಿಗ್ ಯಾವುದೋ ಮೂಲೆಯಲ್ಲಿ ಮುದುಡಿ ಕೂತಿರಬೇಕು ಎಂದುಕೊಂಡು ಟೈಲರ್ ಮುಚ್ಚಳ ತೆಗೆದ. ಮೂಲೆಯೇ ಇರಲಿಲ್ಲ. ಪೆಟ್ಟಿಗೆಯ ತುಂಬ ಗಿನಿಪಿಗ್ಗೇ ಇತ್ತು.

ಟೈಲರ್ ಮುಚ್ಚಳವನ್ನು ಮತ್ತೆ ಹಾಕಿದ. ಸ್ವಲ್ಪ ಹೊತ್ತು ಗೋಡೆ ನೋಡಿ, ಮತ್ತೆ ತೆಗೆದು ನೋಡಿದ. ಅಷ್ಟರಲ್ಲಿ ಅದೇನೂ ಚಿಕ್ಕದಾಗಿರಲಿಲ್ಲ. ಚೆನ್ನಾಗಿ ಉಂಡು ಬೆಳೆದ ಬೆಕ್ಕಿನ ಗಾತ್ರ, ಕಾಲೊರಸಿನಂಥ ರೋಮ, ಓವರ್‌ಕೋಟಿನ ಗುಂಡಿಗಳಂಥ ಕಣ್ಣು. ಅದೂ ಇವನನ್ನು ಕಂಡು ಅಷ್ಟೇ ಗಾಬರಿಯಾಗಿತ್ತು. ಇವನು ಉಸಿರು ಬಿಟ್ಟರೆ ಅದು ಬೆಚ್ಚುತ್ತಿತ್ತು. ಅದು ಬೆಚ್ಚಿದರೆ ಇವನು ಬೆಚ್ಚುತ್ತಿದ್ದ.

ಕೂಡಲೇ ಅಂಗಡಿಗೆ ಫೋನ್ ಮಾಡಿದ. ಇದು ದೊಡ್ಡ ತಳಿ, ಇದಕ್ಕೆ ಕೂಯ್ ಎನ್ನುತ್ತಾರೆ, ದೊಡ್ಡದು ಬೇಕೆಂದು ಕೇಳಿದ್ದು ತಾವೇ ಅಲ್ಲವೇ ಎಂದು ಅಂಗಡಿಯವನು ವಿನಯದಿಂದ ನೆನಪಿಸಿದ. ಕೊಟ್ಟ ಜೀವವನ್ನು ವಾಪಸು ಪಡೆಯುವ ಪದ್ಧತಿ ಅವನ ಅಂಗಡಿಯಲ್ಲಿ ಇರಲಿಲ್ಲವಂತೆ. ಟೈಲರನ ದನಿ ಕುಗ್ಗಿದ್ದನ್ನು ಅವನು ತಪ್ಪು ತಿಳಿದು ಕನಿಕರಪಟ್ಟಿರಬೇಕು.

“ಚಿಕ್ಕದಾಯ್ತು ಅಂತ ಬೇಜಾರು ಮಾಡ್ಕೋಬೇಡಿ ಸರ್,” ಎಂದ. “ಇನ್ನೂ ಮರಿ ಅದು. ಬೆಳೆಯುತ್ತೆ.”

ಟೈಲರ್ ಫೋನ್ ಇಟ್ಟು, ಟೇಪು ತಂದು ಸ್ಟೂಲಿನ ಅಗಲ ಅಳೆದ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಬಂದವರು ವಕೀಲರು. ಕೋರ್ಟಿನಲ್ಲಿ ತೊಡುವ ಕರಿ ಗೌನಿನ ಟ್ರಯಲ್ ನೋಡಲು ಬಂದಿದ್ದರು. ಟೈಲರ್ ಪೆಟ್ಟಿಗೆಯನ್ನು ಮುಚ್ಚಿ ಕಾಲಿನಿಂದ ಮೇಜಿನಡಿಗೆ ನೂಕಿ, ಅವರನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಒಂದು ತೋಳನ್ನು ಗುಂಡುಸೂಜಿಯಿಂದ ಜೋಡಿಸಿದ. ಇನ್ನೊಂದು ತೋಳಿಗಾಗಿ ದೊಡ್ಡ ಕತ್ತರಿಯನ್ನು ಕೈಗೆತ್ತಿಕೊಂಡು ಅಭ್ಯಾಸಬಲದಿಂದ ಚಕ್ ಚಕ್ ಎನಿಸಿದ. ಆ ಸದ್ದಿಗೆ ಮೇಜಿನಡಿಯಲ್ಲಿ ಪೆಟ್ಟಿಗೆಯ ಮುಚ್ಚಳ ಹಾರಿತು. ಪ್ರಾಣಿ ಕೋಣೆಯನ್ನು ಒಂದು ಸುತ್ತು ಹಾಕಿ, ಅಡಗಲು ಕತ್ತಲಾದ ಜಾಗ ಎಲ್ಲಿದೆಯೆಂದು ಹುಡುಕಿ, ನೇರವಾಗಿ ವಕೀಲರ ಗೌನಿನೊಳಗೆ ನುಗ್ಗಿತು.

ಭಾರಿ ದೇಹದ ಆ ವಕೀಲರು ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ನಿಂತು ಸುಧಾರಿಸಿಕೊಳ್ಳುವವರು. ಈಗ ಮಾತ್ರ ಒಂದೇ ನೆಗೆತಕ್ಕೆ ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದರು. ಗುಂಡುಸೂಜಿಗಳು ಎಲ್ಲೆಲ್ಲಿ ಚುಚ್ಚಬಾರದೋ ಅಲ್ಲೆಲ್ಲ ಚುಚ್ಚುತ್ತಿದ್ದವು.

“ಇಷ್ಟು ದೊಡ್ಡ ಹೆಗ್ಗಣಾನ ನನ್ನ ಸರ್ವೀಸಲ್ಲೇ ನೋಡಿಲ್ಲ,” ಎಂದರು ಮೇಲಿನಿಂದ.

ಹೆಗ್ಗಣವಲ್ಲ, ಗಿನಿಪಿಗ್ ಎಂದು ಟೈಲರ್ ಎಷ್ಟು ವಿವರಿಸಿದರೂ ಅವರಿಗೆ ಮನವರಿಕೆಯಾಗಲಿಲ್ಲ. ಪ್ರಾಣಿ ಬೀರುವಿನ ಹಿಂದೆ ಸೇರಿಕೊಂಡಿದೆಯೆಂದು ಖಾತ್ರಿಯಾದ ಮೇಲೆ ಇಳಿದು, ಒಂದೇ ತೋಳಿನ ಗೌನಿನಲ್ಲೇ ಮೆಟ್ಟಿಲಿಳಿದು ಬೀದಿಗೆ ಹೋದರು. ಅವರನ್ನು ಕಂಡ ಬೀದಿಯವರು ಕೋರ್ಟಿನಲ್ಲಿ ಏನೋ ಭಾರಿ ಗಲಾಟೆಯಾಗಿದೆ ಎಂದುಕೊಂಡರು.

ಎದುರು ಮನೆಯ ಟೀಚರಮ್ಮ ನಿವೃತ್ತರಾದ ಮೇಲೆ ಇಡೀ ಕಟ್ಟಡವನ್ನೇ ತಮ್ಮ ತರಗತಿ ಮಾಡಿಕೊಂಡಿದ್ದರು. ಗಲಾಟೆ ಕೇಳಿ ಹೊಸ್ತಿಲವರೆಗೆ ಬಂದ ಅವರ ಕಿವಿಗೆ ಗಿನಿಪಿಗ್ ಎಂಬ ಪದದ ಅರ್ಧ ಮಾತ್ರ ಬಿತ್ತು, ಅದೂ ಬೀಳಬಾರದ ಅರ್ಧ. ಬಂದ ವೇಗದಲ್ಲೇ ತಿರುಗಿ ಹೋದರು. ಸ್ವಲ್ಪ ಹೊತ್ತಿಗೆ ಓನರ್ ಫೋನ್ ಬಂತು.

“ಮನೇಲಿ ಹಂದಿ ಸಾಕಿದ್ದೀರಂತೆ?”

ತನ್ನ ಮನೆಯಲ್ಲಿ ಹಂದಿ ಇಲ್ಲವೆಂದು ಟೈಲರ್ ಆಣೆ ಮಾಡಿ ಹೇಳಿದ. ಹೇಳಿದ್ದು ಸತ್ಯವೇ ಆದರೂ ಸುಳ್ಳು ಹೇಳಿದವನ ಹಾಗೆ ಬಾಯಿ ಒಣಗಿತು. ಸಂಜೆ ತಾವೇ ಬಂದು ಕಣ್ಣಾರೆ ನೋಡುವುದಾಗಿಯೂ, ಪ್ರಾಣಿ ಎಂಬುದು ಯಾವುದೇ ರೂಪದಲ್ಲಿ ಕಂಡರೂ ಮನೆ ಖಾಲಿ ಮಾಡಿಸುವುದಾಗಿಯೂ ಹೇಳಿ ಓನರ್ ಫೋನ್ ಇಟ್ಟರು.

ಟೈಲರ್ ಮೊದಲು ಅದನ್ನು ಹಿಡಿಯಲು ಹೊರಟ. ನೆಲಕ್ಕೆ ಬೋರಲು ಬಿದ್ದು ಬೀರುವಿನ ಸಂದಿಗೆ ಎಲೆಕೋಸು ತೋರಿಸಿದ. ಪ್ರಾಣಿ ಕೋಸನ್ನಷ್ಟೇ ಒಳಕ್ಕೆ ಎಳೆದುಕೊಂಡಿತು. ಕೈ ಚಾಚಿ ಮುಟ್ಟಿದರೆ ಕುಕ್ಕರಿನ ಸೀಟಿಯಂತೆ ಕಿರುಚಿ, ಕನ್ನಡಿಯನ್ನು ಉರುಳಿಸಿ, ಲೈನಿಂಗ್ ಬಟ್ಟೆಯ ಸುರುಳಿಯೊಳಗೆ ಹೊಕ್ಕಿತು. ಕಡೆಗೆ ಸುರುಳಿಯ ಸಮೇತ ಎತ್ತಿ ಇಸ್ತ್ರಿ ಬಟ್ಟೆಯ ಬುಟ್ಟಿಗೆ ಹಾಕಿ ಮೇಲೆ ಹಲಗೆ ಮುಚ್ಚಿದ. ಹಲಗೆಯಡಿಯಲ್ಲಿ ಅದರ ಎದೆ ಡವಗುಟ್ಟುವುದು ಅವನ ಕೈಗೆ ತಿಳಿಯುತ್ತಿತ್ತು. ಪಾಪ, ಇದಕ್ಕೂ ಇಲ್ಲಿಗೆ ಬರಬೇಕೆಂದೇನೂ ಇರಲಿಲ್ಲವಲ್ಲ ಎನ್ನಿಸಿ ಒಂದು ಕ್ಷಣ ಸಂಕಟವಾಯಿತು.

ಮಗಳು ಶಾಲೆಯಿಂದ ಓಡುತ್ತ ಬಂದಳು. ಚೀಲವನ್ನು ಕೆಳಗೂ ಇಡದೆ ಬುಟ್ಟಿಯ ಹಲಗೆ ಸರಿಸಿ ನೋಡಿದಳು. 

“ಅಪ್ಪಾ,” ಎಂದಳು ಪಿಸುಮಾತಿನಲ್ಲಿ, “ನನ್ನ ಗಿನಿಪಿಗ್‌ನ ಇದು ತಿಂದುಬಿಡ್ತಾ?”

ಇದೇ ಗಿನಿಪಿಗ್ ಎಂದು ಅವಳನ್ನು ನಂಬಿಸುವಷ್ಟರಲ್ಲಿ ಟೈಲರನಿಗೆ ಸಾಕುಸಾಕಾಯಿತು. ಆದರೂ ಅದು ಕೋಣೆಯಲ್ಲಿರುವವರೆಗೆ ತಾನಿಲ್ಲಿ ಇರುವುದಿಲ್ಲವೆಂದು ಅವಳು ಪುಸ್ತಕ ಎತ್ತಿಕೊಂಡು ಟೀಚರಮ್ಮನ ಮನೆಗೆ ಹೋಗಿ ಕೂತಳು.

ಟೈಲರ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಕೆಳಗಿನ ಹೋಟೆಲಿನ ಅಡುಗೆಯವನು ಹೊಲಿಯಲು ಕೊಟ್ಟಿದ್ದ ಏಪ್ರನ್ ಕೇಳಿಕೊಂಡು ಬಂದ. ಬಾಗಿಲ ತುಂಬ ನಿಲ್ಲುವಂಥ ಆಳು. ಬುಟ್ಟಿಯಲ್ಲಿ ಇಣುಕಿ ನೋಡಿದವನೇ ಮುಖ ಅರಳಿಸಿದ. ಎರಡು ಕೈಯಲ್ಲೂ ಮೆಲ್ಲಗೆ ಎತ್ತಿ ತೂಕ ನೋಡಿದ. ಯಾರು ಮುಟ್ಟಿದರೂ ಕಿರುಚುತ್ತಿದ್ದ ಪ್ರಾಣಿ ಅವನ ಕೈಯಲ್ಲಿ ಹಿಟ್ಟಿನ ಮುದ್ದೆಯಂತೆ ಸುಮ್ಮನೆ ಕೂತಿತು.

“ಎಷ್ಟು ಚೆನ್ನಾಗಿ ಮೈ ತುಂಬಿಕೊಂಡಿದೆ ಅಣ್ಣಾ,” ಎಂದ. “ನಿಮಗೆ ಬೇಡ ಅಂದ್ರೆ ನನಗೆ ಕೊಡಿ. ಅಡುಗೆಮನೇಲಿ ಜಾಗ ಮಾಡ್ಕೋತೀನಿ.”

ಟೈಲರನಿಗೆ ಅವನ ಕಾಲಿಗೆ ಬೀಳಬೇಕೆನ್ನಿಸಿತು. ಏಪ್ರನ್ನು, ಬುಟ್ಟಿ, ಉಳಿದ ಎಲೆಕೋಸು ಎಲ್ಲವನ್ನೂ ಅವನ ಕೈಗೆ ತುರುಕಿ, ಅವನು ಮೆಟ್ಟಿಲು ಇಳಿದು ಮುಗಿಸುವವರೆಗೂ ಬಾಗಿಲಲ್ಲೇ ನಿಂತು ಕಳಿಸಿಕೊಟ್ಟ. ಆಮೇಲೆ ನೆಲ ಗುಡಿಸಿ, ಕನ್ನಡಿ ನೆಟ್ಟಗೆ ನಿಲ್ಲಿಸಿ, ವಕೀಲರ ಗೌನಿನ ಎರಡನೇ ತೋಳನ್ನು ಹೊಲಿಯತೊಡಗಿದ. ಓನರ್ ಈಗ ಬಂದು ನೋಡಿಕೊಳ್ಳಲಿ ಎಂದು ಯಂತ್ರದ ತಾಳಕ್ಕೆ ಗುನುಗಿದ್ದೂ ಉಂಟು.

ಸಂಜೆ ದೀಪ ಹಾಕುವ ಹೊತ್ತಿಗೆ ಬಂದವರು ಓನರ್ ಅಲ್ಲ, ಟೀಚರಮ್ಮ. ಹಿಂದೆಯೇ ಮಗಳು. ಟೀಚರಮ್ಮ ತಮ್ಮ ತಪ್ಪು ಒಪ್ಪಿಕೊಳ್ಳಲು ಬಂದಿದ್ದರು. ಮಗಳಿಂದ ಸರಿಯಾದ ಹೆಸರು ತಿಳಿದು, ಆಗಿನಿಂದ ಕೂತು ದಪ್ಪ ಪುಸ್ತಕವೊಂದನ್ನು ಓದಿದ್ದರಂತೆ. ಅದಕ್ಕೆ ಓಡಾಡಲು ವಿಶಾಲವಾದ ಜಾಗ ಬೇಕು, ಅದು ಪುಕ್ಕಲು ಪ್ರಾಣಿ, ಎತ್ತಿ ಮುದ್ದಾಡಿದರೆ ಸಹಿಸುವುದಿಲ್ಲ, ಎತ್ತರಕ್ಕೆ ನೆಗೆಯುತ್ತದೆ, ಮಕ್ಕಳಿಗೆ ಆಡಲು ಕೊಡುವಂಥದ್ದಲ್ಲ ಎಂದು ಪಾಠ ಒಪ್ಪಿಸಿದರು. ಇದನ್ನೆಲ್ಲ ತಾನು ಬೆಳಿಗ್ಗೆಯೇ ಕಲಿತೆನೆಂದು ಟೈಲರ್ ತಲೆಯಾಡಿಸಿದ.

“ಇನ್ನೊಂದು ವಿಷಯ ಕಣಪ್ಪಾ,” ಎಂದು ಟೀಚರಮ್ಮ ದನಿ ತಗ್ಗಿಸಿದರು. “ಈ ದೊಡ್ಡ ತಳೀನ ಅದರ ಸ್ವಂತ ಊರಲ್ಲಿ ಬೆಳೆಸೋದು ಸಾಕೋದಕ್ಕಲ್ಲ. ತಿನ್ನೋದಕ್ಕೆ.”

ಟೈಲರನ ಕಾಲು ಯಂತ್ರದ ಪೆಡಲಿನ ಮೇಲೆ ಹಾಗೇ ನಿಂತಿತು. ಮೈ ತುಂಬಿಕೊಂಡಿದೆ ಎಂದದ್ದು, ಎತ್ತಿ ತೂಕ ನೋಡಿದ್ದು, ಅಡುಗೆಮನೆಯಲ್ಲಿ ಜಾಗ ಮಾಡುತ್ತೇನೆ ಎಂದದ್ದು ಎಲ್ಲವೂ ಒಟ್ಟಿಗೆ ತಲೆಯಲ್ಲಿ ತಿರುಗಿತು. ಬುಟ್ಟಿ ಎಲ್ಲೂ ಕಾಣದ್ದನ್ನು ನೋಡಿ, ಅದನ್ನು ಯಾರಿಗೆ ಕೊಟ್ಟೆಯೆಂದು ಟೀಚರಮ್ಮ ಕೇಳಿದರು. ಅವನು ಬಾಯಿ ಬಿಡುವ ಮೊದಲೇ ಮಗಳು ಅವನ ಮುಖ ಓದಿಕೊಂಡಳು.

“ಅದಕ್ಕೂ ನನ್ನ ಹಾಗೇ ಹೆದರಿಕೆ ಆಗಿತ್ತು ಅಪ್ಪಾ,” ಎಂದವಳು ಗೊಳೋ ಎಂದು ಅತ್ತಳು.

ಟೈಲರ್ ಚಪ್ಪಲಿಯನ್ನೂ ಹಾಕದೆ ಓಡಿದ. ಕೊರಳಲ್ಲಿ ಟೇಪು, ಕೈಯಲ್ಲಿ ಕರಿ ತೋಳು. ಹೋಟೆಲು ಕಿಕ್ಕಿರಿದಿತ್ತು. ಮೇಜುಗಳ ನಡುವೆ ನುಗ್ಗಿ, ಒಬ್ಬರ ನೀರು ಚೆಲ್ಲಿ, ಮತ್ತೊಬ್ಬರ ಕುರ್ಚಿ ಎಡವಿ ಅಡುಗೆಮನೆಯ ಬಾಗಿಲು ತಳ್ಳಿದ. ಒಲೆಯ ಮೇಲೆ ಸ್ನಾನಕ್ಕೆ ನೀರು ಕಾಯಿಸುವಷ್ಟು ದೊಡ್ಡ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಪಕ್ಕದಲ್ಲಿ ಹೊಸ ಏಪ್ರನ್ ತೊಟ್ಟ ಅಡುಗೆಯವನು ಚಾಕು ಹಿಡಿದು ನಿಂತಿದ್ದ. ಮೂಲೆಯಲ್ಲಿ ಇಸ್ತ್ರಿ ಬುಟ್ಟಿ ಬರಿದಾಗಿ ಬಿದ್ದಿತ್ತು.

“ಕೊಲೆಗಾರ,” ಎಂದ ಟೈಲರ್. ಊಟದ ಕೋಣೆಯಲ್ಲಿ ಸ್ಪೂನುಗಳ ಸದ್ದು ನಿಂತಿತು. “ಅದು ನನ್ನ ಮಗು ಇದ್ದ ಹಾಗೆ. ಅದನ್ನ ಬೇಯಿಸೋಕೆ ನಿನಗೆ ಕೈ ಹೇಗೆ ಬಂತು?”

ಅಷ್ಟು ಹೇಳಿ, ಬಟ್ಟೆಯನ್ನೂ ಹಿಡಿಯದೆ ಪಾತ್ರೆಯ ಮುಚ್ಚಳ ಎತ್ತಿದ. ಕೈ ಚುರ್ರೆಂದಿತು. ಹಬೆ ಸರಿದ ಮೇಲೆ ಒಳಗೆ ಕಂಡದ್ದು ಆಲೂಗಡ್ಡೆ. ಬಗ್ಗಿ ನೋಡಿದರೂ ಆಲೂಗಡ್ಡೆಯೇ. ಅಡುಗೆಯವನು ಉಗ್ರಾಣದ ಬಾಗಿಲು ತೆರೆದು ತೋರಿಸಿದ. ಅಲ್ಲಿ ತರಕಾರಿಯ ಖಾಲಿ ಡಬ್ಬಗಳನ್ನು ಜೋಡಿಸಿ, ಒಣಹುಲ್ಲು ಹಾಸಿ, ಕೋಣೆಯುದ್ದಕ್ಕೂ ಒಂದು ದೊಡ್ಡಿ ಕಟ್ಟಲಾಗಿತ್ತು. ಪ್ರಾಣಿ ಅದರ ನಡುವೆ ಕಾಲು ಚಾಚಿ ಮಲಗಿತ್ತು. ಅಡುಗೆಯವನು ಚಾಕು ಹಿಡಿದಿದ್ದು ಅದಕ್ಕೆಂದೇ ಕ್ಯಾರೆಟ್ಟನ್ನು ಸಣ್ಣಗೆ ಹೆಚ್ಚುವುದಕ್ಕೆ.

“ಎಷ್ಟೋ ವರ್ಷದಿಂದ ಈ ಹೋಟೆಲಿನ ಮೇಲೆ ಇದ್ದೀರಿ,” ಎಂದ ಅವನು.  “ಇಲ್ಲಿ ಬರೀ ತರಕಾರಿ ಬೇಯುತ್ತೆ ಅಂತ ನಿಮಗೆ ಗೊತ್ತಿಲ್ವಾ? ಬಾಗಿಲ ಮೇಲೆ ನನ್ನೆತ್ತರದ ಬೋರ್ಡಿದೆ.”

ಟೈಲರನಿಗೆ ಗೊತ್ತಿತ್ತು. ವಾರಕ್ಕೊಮ್ಮೆ ಅಲ್ಲೇ ಉಣ್ಣುತ್ತಿದ್ದವನು ಅವನು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತ. ಕ್ಷಮೆ ಕೇಳಿದ, ಪ್ರಾಣಿಯನ್ನು ನೀನೇ ಇಟ್ಟುಕೋ ಎಂದು ಅಂಗಲಾಚಿದ. ಆದರೆ ಗಿರಾಕಿಗಳ ಮುಂದೆ ಕೊಲೆಗಾರ ಎನ್ನಿಸಿಕೊಂಡ ಮೇಲೆ ಅದು ತನಗೆ ಬೇಡವೆಂದು ಅಡುಗೆಯವನು ಪ್ರಾಣಿಯನ್ನು ಬುಟ್ಟಿಗೆ ಹಾಕಿ, ಹೆಚ್ಚಿದ ಕ್ಯಾರೆಟ್ಟನ್ನೂ ಪೊಟ್ಟಣ ಕಟ್ಟಿ ಕೊಟ್ಟು, ಬೆನ್ನು ತಿರುಗಿಸಿ ಆಲೂಗಡ್ಡೆಗೆ ಉಪ್ಪು ಹಾಕಿದ.

ಟೈಲರ್ ಬುಟ್ಟಿ ಹೊತ್ತು ಹೊರಬಂದ. ಬಾಗಿಲ ಪಕ್ಕದ ಮೇಜಿನಿಂದ ಒಬ್ಬರು ಕೈ ಒರೆಸಿಕೊಳ್ಳುತ್ತ ಎದ್ದು ನಿಂತರು. ಓನರ್. ಹಂದಿ ನೋಡುವ ಮೊದಲು ಊಟ ಮುಗಿಸೋಣವೆಂದು ಕೂತಿದ್ದರಂತೆ.  ಎಲ್ಲವನ್ನೂ ಅವರು ಕೇಳಿಸಿಕೊಂಡಿದ್ದರು. ಬುಟ್ಟಿಯೊಳಗೆ ಇಣುಕಿ ನೋಡಿದರು. ಅವರು ತಲೆ ಎತ್ತಿದಾಗ ಕಣ್ಣಲ್ಲಿ ನೀರಿತ್ತು.

“ಇದೇ ತಳಿ,” ಎಂದರು ಮೆಲ್ಲಗೆ. “ನಮ್ಮನೇಲೂ ಎರಡಿವೆ.”

ಮೊಮ್ಮಕ್ಕಳಿಗೆಂದು ಅದೇ ಅಂಗಡಿಯಿಂದ ತರಿಸಿದ್ದರಂತೆ. ಮೊಮ್ಮಕ್ಕಳು ಹೆದರಿ ಅವರ ಮನೆಗೆ ಬರುವುದನ್ನೇ ಬಿಟ್ಟರಂತೆ. ಎರಡೂ ಗಂಡು, ಒಂದಕ್ಕೊಂದು ಆಗಿಬರುವುದಿಲ್ಲವಾದ್ದರಿಂದ ಒಂದೊಂದಕ್ಕೂ ಒಂದೊಂದು ಕೋಣೆ ಬಿಟ್ಟುಕೊಟ್ಟು ಗಂಡ ಹೆಂಡತಿ ವರಾಂಡದಲ್ಲಿ ಮಲಗುತ್ತಿದ್ದಾರಂತೆ. ತಾವು ಪಟ್ಟ ಪಾಡು ಬಾಡಿಗೆದಾರರಿಗೆ ಬೇಡವೆಂದೇ ಈ ವರ್ಷದ ಕರಾರಿನಲ್ಲಿ ಆ ಸಾಲು ಬರೆಸಿದ್ದಂತೆ. ಅವನ್ನು ಯಾರಿಗಾದರೂ ಕೊಡೋಣವೆಂದರೆ ಮನಸ್ಸಿಟ್ಟು ನೋಡಿಕೊಳ್ಳುವ ಒಬ್ಬ ಮನುಷ್ಯನೂ ಈವರೆಗೆ ಸಿಕ್ಕಿರಲಿಲ್ಲ.

“ಇವತ್ತು ಸಿಕ್ಕಿದ,” ಎಂದು ಓನರ್ ಟೈಲರನ ಸುಟ್ಟ ಕೈಯನ್ನೇ ಹಿಡಿದು ಕುಲುಕಿದರು. “ಕರಾರಿನ ಆ ಸಾಲು ಹೊಡೆದುಹಾಕ್ತೀನಿ. ನಾಳೆ ಬೆಳಿಗ್ಗೆ ಎರಡನ್ನೂ ಕಳಿಸ್ತೀನಿ. ಬೇಡ ಅಂದ್ರೆ ಮಾತ್ರ, ಕರಾರು ಈಗ ಹೇಗಿದೆಯೋ ಹಾಗೇ ನಡೀಬೇಕಾಗುತ್ತೆ.”

ಟೈಲರ್ ಬುಟ್ಟಿಯೊಂದಿಗೆ ಮಹಡಿ ಹತ್ತಿದ. ಹೆಂಡತಿ ಆಗಷ್ಟೇ ಡ್ಯೂಟಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಬುಟ್ಟಿಯೊಳಗೆ ನೋಡಿದಳು, ಗಂಡನ ಮುಖ ನೋಡಿದಳು, ಯಂತ್ರದ ಪಕ್ಕದ ಸ್ಟೂಲು ನೋಡಿದಳು. ಇದನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿದಳು.

“ಇದಕ್ಕೆ ಮುಂದಿನ ಕೋಣೆ,” ಎಂದ ಟೈಲರ್. “ನಾಳೆ ಬರೋದ್ರಲ್ಲಿ ಒಂದಕ್ಕೆ ಮಲಗೋ ಕೋಣೆ, ಇನ್ನೊಂದಕ್ಕೆ ಅಡುಗೆಮನೆ. ನೀನು, ನಾನು, ಮಗು ಎಲ್ಲಿರೋದು ಅನ್ನೋದನ್ನ ಮಾತ್ರ ಇನ್ನೂ ಯೋಚನೆ ಮಾಡಿಲ್ಲ.”