ಹಲ್ಲುಜ್ಜುವುದರಿಂದ ಶೂವರೆಗೆ

"ಇವತ್ತಿಂದ ನಾನು ಹೊಸ ಮನುಷ್ಯ," ಎಂದು ಗ್ರಂಥಪಾಲರು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದರು. "ನೀನು ನಂಗೆ ಏನೂ ನೆನಪು ಮಾಡ್ಬೇಡ. ಒಂದು ತಿಂಗಳು ಒಂದು ಮಾತೂ ಆಡ್ಬಾರದು."

"ಆಡಲ್ಲ ಬಿಡಿ," ಎಂದಳು ಹೆಂಡತಿ, ತಟ್ಟೆ ಎತ್ತುತ್ತಾ.

ಘೋಷಣೆಗೆ ಕಾರಣವಿತ್ತು. ನಲವತ್ತು ಸಾವಿರ ಪುಸ್ತಕಗಳಲ್ಲಿ ಯಾವುದು ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲ ಈ ಮಹಾನುಭಾವರಿಗೆ ತಮ್ಮ ಕನ್ನಡಕ ಎಲ್ಲಿದೆಯೆಂದು ತಿಳಿಯುತ್ತಿರಲಿಲ್ಲ. ಗ್ರಂಥಾಲಯದ ಬೀಗದ ಕೈಯನ್ನು ಮನೆಯಲ್ಲೇ ಮರೆತು ಓದುಗರನ್ನು ಮೆಟ್ಟಿಲ ಮೇಲೆ ಕೂರಿಸಿದ್ದು ಎರಡು ಸಲ. ಇನ್ನೊಮ್ಮೆ ಹೀಗಾದರೆ ಬೀಗದ ಕೈಯನ್ನೇ ಬೇರೆಯವರಿಗೆ ಒಪ್ಪಿಸುವುದಾಗಿ ಮೇಲಧಿಕಾರಿ ಖಡಾಖಂಡಿತವಾಗಿ ಹೇಳಿದ್ದರು. ಇಪ್ಪತ್ತು ವರ್ಷ ತಾವೇ ತೆರೆದ ಬಾಗಿಲನ್ನು ಇನ್ನೊಬ್ಬರು ತೆರೆಯುವುದನ್ನು ನೆನೆದರೇ ಗ್ರಂಥಪಾಲರ ಎದೆ ಧಸಕ್ಕೆನ್ನುತ್ತಿತ್ತು.

ಆದ್ದರಿಂದ ಒಳ್ಳೆಯ ಅಭ್ಯಾಸಗಳ ಸರಪಳಿಯೊಂದನ್ನು ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಬಚ್ಚಲ ಬಾಗಿಲಿಗೆ ತೂಗುಹಾಕಿದರು. ಹಲ್ಲುಜ್ಜಿದ ಮೇಲೆ ಒಂದು ಲೋಟ ನೀರು, ಅದಾದ ಮೇಲೆ ಬಾಲ್ಕನಿಯ ಗಿಡಗಳಿಗೆ ನೀರು, ಆಮೇಲೆ ಕನ್ನಡಕ, ಬೀಗದ ಕೈ, ಊಟದ ಚೀಲ, ಶೂ. ಎಲ್ಲಿ ತಪ್ಪಿದರೂ ಮತ್ತೆ ಹಲ್ಲುಜ್ಜುವುದರಿಂದಲೇ ಶುರು! ಹನ್ನೊಂದು ದಿನ ಎಲ್ಲವೂ ಸುಸೂತ್ರ. ಗ್ರಂಥಪಾಲರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹನ್ನೆರಡನೆಯ ದಿನ ಮೇಲಧಿಕಾರಿ ಒಂಬತ್ತಕ್ಕೆ ತಪಾಸಣೆಗೆ ಬರುವವರಿದ್ದರು. ಕನ್ನಡಕಕ್ಕೆ ಕೈ ಹಾಕುವಾಗಲೇ ತಂಗಿಯ ಫೋನ್ ಬಂತು. ಮಾತು ಮುಗಿಯುವಷ್ಟರಲ್ಲಿ ಎಲ್ಲಿಗೆ ನಿಲ್ಲಿಸಿದ್ದೆನೆಂಬುದೇ ಮರೆತುಹೋಯಿತು. ನಿಯಮ ಎಂದರೆ ನಿಯಮ. ಮತ್ತೆ ಹಲ್ಲುಜ್ಜಿದರು, ನೀರು ಕುಡಿದರು, ಗಿಡಗಳಿಗೂ ಕುಡಿಸಿದರು. ಅಷ್ಟರಲ್ಲಿ ಪೇಪರಿನವನು ಬಾಗಿಲು ತಟ್ಟಿದ. ಮೂರನೆಯ ಸುತ್ತಿನಲ್ಲಿ ಒಸಡು ಉರಿಯಿತು, ಹೊಟ್ಟೆ ಗುಳುಗುಳು ಎಂದಿತು, ತುಂಬಿ ತುಳುಕಿದ ಕುಂಡಗಳ ನೀರು ಕೆಳಮನೆಯ ನಿವೃತ್ತ ಮೇಷ್ಟರ ಬೋಳುತಲೆಗೆ ಪುಕ್ಕಟೆ ಸ್ನಾನ ಮಾಡಿಸಿತು.

ಬಾಲ್ಕನಿಯಿಂದ ಬಗ್ಗಿ ಕ್ಷಮೆ ಕೇಳಿ ಮುಗಿಸುವಾಗ ಎಂಟೂವರೆ. ನಾಲ್ಕನೆಯ ಸಲ ಹಲ್ಲುಜ್ಜುವ ಧೈರ್ಯ ಸಾಲದೆ, ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು, ಅಂಗಿಯ ಗುಂಡಿ ಹಾಕುತ್ತಲೇ ಓಡಿದರು. ಚೀಲ ಕೈಗಿತ್ತ ಹೆಂಡತಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ದಾರಿಯಲ್ಲಿ ಜನ ತಿರುಗಿ ತಿರುಗಿ ನೋಡಿದ್ದನ್ನು ಅವರು ತಮ್ಮ ಹೊಸ ಶಿಸ್ತಿಗೆ ಸಂದ ಗೌರವವೆಂದುಕೊಂಡರು.

ಬೀಗ ತೆರೆದಾಗ ಇನ್ನೂ ಹತ್ತು ನಿಮಿಷವಿತ್ತು. ವಿಜಯದ ನಗೆ ಬೀರುತ್ತಾ ಗಾಜಿನ ಕಪಾಟಿನಲ್ಲಿ ತಮ್ಮನ್ನು ನೋಡಿಕೊಂಡರು. ಮೇಲೆ ಅಂಗಿ, ಕಾಲಲ್ಲಿ ಮಿರಿಮಿರಿ ಶೂ, ನಡುವೆ ಮಲಗುವಾಗ ಹಾಕಿದ್ದ ಗೆರೆಗೆರೆ ಪೈಜಾಮ. ಸರಪಳಿಯಲ್ಲಿ ಪ್ಯಾಂಟು ಇರಲೇ ಇಲ್ಲ! ಹನ್ನೊಂದು ದಿನವೂ ಅದು ಶೂ ಪಕ್ಕದ ಕುರ್ಚಿಯ ಮೇಲೆ ಇಸ್ತ್ರಿಯಾಗಿ ಕಾದಿರುತ್ತಿತ್ತು. ಅಲ್ಲಿಗೆ ಅದು ತಾನಾಗಿಯೇ ನಡೆದು ಬಂತೇ ಎಂದು ಅವರು ಯೋಚಿಸಿರಲಿಲ್ಲ.

ಮೇಜಿನ ಹಿಂದೆ ಅಡಗಿ ಕುಳಿತವರಿಗೆ ಚೀಲ ಯಾಕೋ ಉಬ್ಬಿದಂತೆ ಕಂಡಿತು. ತೆರೆದರೆ ಊಟದ ಡಬ್ಬಿಯ ಮೇಲೆ ಮಡಿಸಿಟ್ಟ ಪ್ಯಾಂಟು, ಜೊತೆಗೆ ಸುತ್ತಿಟ್ಟ ಬೆಲ್ಟು. ಮಾತಾಡುವುದಿಲ್ಲವೆಂದವಳು ಕೊಟ್ಟ ಮಾತನ್ನೂ ಉಳಿಸಿದ್ದಳು, ಗಂಡನ ಮಾನವನ್ನೂ ಉಳಿಸಿದ್ದಳು. ವಿಶ್ವಕೋಶಗಳ ಹಿಂದೆ ನಿಂತು ಪ್ಯಾಂಟು ಏರಿಸುವಾಗ ಗ್ರಂಥಪಾಲರ ಕಣ್ಣು ತುಂಬಿಬಂತು. ಒಂಬತ್ತಕ್ಕೆ ಬಂದ ಅಧಿಕಾರಿ ಅವರ ಸಮಯಪಾಲನೆಯನ್ನು ಮೆಚ್ಚಿ, ಬೀಗದ ಕೈ ನಿಮ್ಮಲ್ಲೇ ಇರಲಿ ಎಂದು ಹೇಳಿ ಹೋದರು.

"ಇಷ್ಟು ದಿನ ನಂದೇ ಬುದ್ಧಿವಂತಿಕೆ ಅಂದ್ಕೊಂಡಿದ್ದೆ ಕಣೆ," ಎಂದರು ಸಂಜೆ ಮನೆಗೆ ಬಂದು. ರಟ್ಟನ್ನು ಇಳಿಸಿ, ಹಲ್ಲುಜ್ಜುವುದಕ್ಕೂ ಮೇಲೆ ಹೊಸ ಸಾಲೊಂದನ್ನು ಬರೆದು ಮತ್ತೆ ತೂಗುಹಾಕಿದರು: ಎದ್ದ ಕೂಡಲೇ ಹೆಂಡತಿಗೆ ಥ್ಯಾಂಕ್ಸ್ ಹೇಳುವುದು.

ಮರುದಿನ ಎದ್ದವರೇ ನೆಟ್ಟಗೆ ಬಚ್ಚಲಿಗೆ ನಡೆದರು. ಬ್ರಷ್ ಇರಲಿಲ್ಲ. ಎಲ್ಲ ಕಡೆ ತಡಕಾಡಿ ತಿರುಗಿದರೆ, ಬಾಗಿಲಲ್ಲಿ ಹೆಂಡತಿ ಬ್ರಷ್ ಹಿಡಿದು ನಿಂತಿದ್ದಳು. ತುಟಿ ಪಿಟಕ್ಕೆನ್ನಲಿಲ್ಲ. ಬ್ರಷ್ಷಿನ ತುದಿಯಿಂದ ರಟ್ಟಿನ ಮೊದಲ ಸಾಲನ್ನು ತೋರಿಸಿದಳು.